ಸಾಣಾಪುರದ ಸ್ಕೂಟರ್, ಫ್ರಾನ್ಸಿನ ಲೈಸೆನ್ಸ್, ನೇಪಾಳದ ದಾರಿ

ಪ್ರಶ್ನೆ: ಗಂಗಾವತಿ ತಾಲ್ಲೂಕಿನ ಸಾಣಾಪುರದ ಹತ್ತಿರ ಪ್ರವಾಸಿಗರಿಗೆ ಸ್ಕೂಟರ್, ಬೈಕುಗಳನ್ನು ಬಾಡಿಗೆಗೆ ಕೊಡುತ್ತೇನೆ. ಕಳೆದ ತಿಂಗಳು ಬಂದ ಫ್ರಾನ್ಸಿನ ದಂಪತಿ, ತಮ್ಮ ಲೈಸೆನ್ಸ್ ಯುರೋಪಿನ 27 ದೇಶಗಳಲ್ಲಿ ನಡೆಯುತ್ತದೆ, ಇಲ್ಲಿ ಏಕೆ ನಡೆಯುವುದಿಲ್ಲ ಎಂದು ಕೇಳಿದರು. ಪಕ್ಕದ ರೆಸಾರ್ಟಿನಲ್ಲಿ ಅಡುಗೆ ಕೆಲಸಕ್ಕಿರುವ ನೇಪಾಳದ ಯುವಕನೊಬ್ಬ ತನ್ನ ದೇಶದ ಲೈಸೆನ್ಸ್ ತೋರಿಸಿ ತಿಂಗಳ ಲೆಕ್ಕದಲ್ಲಿ ಗಾಡಿ ಕೇಳುತ್ತಿದ್ದಾನೆ. ನಾನೂ ನವೆಂಬರಿನಲ್ಲಿ ಗೆಳೆಯರ ಜೊತೆ ಪಶುಪತಿನಾಥ, ಮುಕ್ತಿನಾಥಕ್ಕೆ ಬೈಕಿನಲ್ಲಿ ಹೋಗಬೇಕೆಂದಿದ್ದೇನೆ. ಕೊಪ್ಪಳದ ಲೈಸೆನ್ಸ್ ಸಾಕೇ? ಯುರೋಪಿನಂತೆ ನಮ್ಮ ನೆರೆಹೊರೆಯ ದೇಶಗಳಿಗೂ ಒಂದೇ ನಿಯಮ ಇಲ್ಲವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಇಲ್ಲ. ದಕ್ಷಿಣ ಏಷ್ಯಾದ ದೇಶಗಳೆಲ್ಲ ಒಪ್ಪಿಕೊಂಡ ಸಮಾನ ಚಾಲನಾ ಪರವಾನಗಿ ಎಂಬುದು ಇಂದಿಗೂ ಜಾರಿಯಲ್ಲಿಲ್ಲ. ಆದರೆ ನೀವು ಕೇಳಿರುವುದು ಮೇಲ್ನೋಟಕ್ಕೆ ಒಂದೇ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಮೂವರು ಬೇರೆ ಬೇರೆ ಮನುಷ್ಯರಿದ್ದಾರೆ: ನಾಲ್ಕು ದಿನ ಇದ್ದು ಹೋಗುವ ಪ್ರವಾಸಿ, ಇಲ್ಲಿಯೇ ನೆಲೆಸಿ ದುಡಿಯುವವನು, ಮತ್ತು ಇಲ್ಲಿಂದ ಹೊರಗೆ ಹೋಗುವ ನೀವು. ಮೂವರ ಕೈಯಲ್ಲಿರುವುದೂ ಲೈಸೆನ್ಸೇ ಆದರೂ ಕಾನೂನು ಮೂವರನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಲೈಸೆನ್ಸ್ ಎಂಬ ಕಾರ್ಡು ಎರಡು ಮಾತುಗಳನ್ನು ಹೇಳುತ್ತದೆ. ಈ ವ್ಯಕ್ತಿಗೆ ಇಂಥ ವಾಹನ ಓಡಿಸಲು ಬರುತ್ತದೆ ಎಂಬುದು ಮೊದಲನೆಯದು. ಈತ ತಪ್ಪು ಮಾಡಿದರೆ ಈ ಕಾರ್ಡನ್ನು ಅಮಾನತಿನಲ್ಲಿಡುವ, ರದ್ದು ಮಾಡುವ ಕಚೇರಿಯೊಂದಿದೆ ಎಂಬುದು ಎರಡನೆಯದು. ಮೊದಲನೆಯ ಮಾತು ಗಡಿ ದಾಟುವುದು ಕಷ್ಟವಲ್ಲ, ಏಕೆಂದರೆ ಗಂಗಾವತಿಯಲ್ಲಿ ಬೈಕ್ ಓಡಿಸಬಲ್ಲವನು ಗೋರಖಪುರದಾಚೆಗೂ ಓಡಿಸಬಲ್ಲ. ದೇಶ ದೇಶಗಳ ನಡುವೆ ಗಂಟು ಬೀಳುವುದು ಎರಡನೆಯ ಮಾತಿನಲ್ಲಿ.

ನಮ್ಮ ಸುತ್ತಲಿನ ಗಡಿಗಳನ್ನೇ ನೋಡಿ. ರಾಯಚೂರಿನವರು ಕೃಷ್ಣೆ ದಾಟಿ ತೆಲಂಗಾಣಕ್ಕೆ, ತುಂಗಭದ್ರೆ ದಾಟಿ ಆಂಧ್ರದ ಮಂತ್ರಾಲಯಕ್ಕೆ ಹೋಗುವಾಗ ಲೈಸೆನ್ಸಿನ ಬಗ್ಗೆ ಯೋಚಿಸುವುದೂ ಇಲ್ಲ. ಬಳ್ಳಾರಿಯ ಕೆಎ 34, ರಾಯಚೂರಿನ ಕೆಎ 36, ಕೊಪ್ಪಳದ ಕೆಎ 37, ಯಾವುದೇ ಆಗಲಿ, 1988ರ ಮೋಟಾರು ವಾಹನ ಕಾಯ್ದೆಯ 13ನೇ ಕಲಮಿನ ಪ್ರಕಾರ ಭಾರತದ ಉದ್ದಗಲಕ್ಕೂ ನಡೆಯುತ್ತದೆ. ಇದರ ಹಿಂದಿರುವುದು ರಾಜ್ಯಗಳ ನಡುವಿನ ಸೌಹಾರ್ದವಲ್ಲ. ಕಾಯ್ದೆ ಒಂದೇ, ವಾಹನ ವರ್ಗಗಳ ಹೆಸರು ಒಂದೇ, ಒಬ್ಬನಿಗೆ ಒಂದೇ ಲೈಸೆನ್ಸ್ ಎಂಬ 6ನೇ ಕಲಮಿನ ಕಟ್ಟು ಎಲ್ಲೆಡೆ ಒಂದೇ; ಜೊತೆಗೆ ಈಗ ‘ಸಾರಥಿ’ ಎಂಬ ಗಣಕ ದಾಖಲೆಯಿದೆ, ಒಂದು ಜಿಲ್ಲೆಯಲ್ಲಿ ಅಮಾನತಾದ ಲೈಸೆನ್ಸ್ ಇನ್ನೊಂದು ರಾಜ್ಯದ ಪರದೆಯ ಮೇಲೂ ಕಾಣುತ್ತದೆ. ಇಂಥದೇ ವ್ಯವಸ್ಥೆಯನ್ನು ಬೇರೆ ಬೇರೆ ಸಂವಿಧಾನ, ಬೇರೆ ಬೇರೆ ಭಾಷೆಗಳ ದೇಶಗಳು ಸೇರಿ ಕಟ್ಟಿಕೊಂಡಿರುವುದು ಯುರೋಪಿನಲ್ಲಿ.

ನಿಮ್ಮ ಫ್ರೆಂಚ್ ಗ್ರಾಹಕರ ಕೈಯಲ್ಲಿದ್ದ ಗುಲಾಬಿ ಛಾಯೆಯ ಪ್ಲಾಸ್ಟಿಕ್ ಕಾರ್ಡನ್ನು ನೆನಪಿಸಿಕೊಳ್ಳಿ. ಅದರ ಮೇಲೆ ಹೆಸರು, ಹುಟ್ಟಿದ ದಿನ ಎಂಬ ಶೀರ್ಷಿಕೆಗಳಿಲ್ಲ, ಬರೀ ಸಂಖ್ಯೆಗಳಿವೆ. 1 ಎಂದರೆ ಮನೆತನದ ಹೆಸರು, 3 ಎಂದರೆ ಹುಟ್ಟಿದ ದಿನ ಮತ್ತು ಊರು, 4ಬಿ ಎಂದರೆ ಅವಧಿ ಮುಗಿಯುವ ದಿನ, 9 ಎಂದರೆ ಓಡಿಸಬಹುದಾದ ವಾಹನಗಳು. ಹಿಂಬದಿಯ ಕೋಷ್ಟಕದ 12ನೇ ಅಂಕಣದಲ್ಲಿ ಷರತ್ತುಗಳ ಸಂಕೇತಗಳು: 01 ಇದ್ದರೆ ಕನ್ನಡಕ ಅಥವಾ ಲೆನ್ಸ್ ಬೇಕು, 78 ಇದ್ದರೆ ಆಟೊಮ್ಯಾಟಿಕ್ ಗೇರಿನ ವಾಹನ ಮಾತ್ರ. ಫಿನ್ನಿಷ್ ಭಾಷೆಯ ಒಂದಕ್ಷರ ಬಾರದ ಪೋರ್ಚುಗಲ್ಲಿನ ಪೊಲೀಸನೂ ಫಿನ್ಲೆಂಡಿನ ಕಾರ್ಡನ್ನು ಓದಬಲ್ಲ. ಇದು ಒಂದೇ ದಿನದಲ್ಲಿ ಆದದ್ದಲ್ಲ. ಸದಸ್ಯ ದೇಶಗಳೆಲ್ಲ ತಮ್ಮ ಕಾನೂನಿನಲ್ಲಿ ಅಳವಡಿಸಿಕೊಳ್ಳಬೇಕಾದ ಕಟ್ಟಳೆಗೆ ಇಂದಿನ ಯುರೋಪಿಯನ್ ಒಕ್ಕೂಟದಲ್ಲಿ ‘ನಿರ್ದೇಶನ’ ಎನ್ನುತ್ತಾರೆ: 1980ರಲ್ಲಿ ಮೊದಲ ನಿರ್ದೇಶನ, 1991ರಲ್ಲಿ ಎರಡನೆಯದು, 2006ರಲ್ಲಿ ಮೂರನೆಯದು. ಮೂರನೆಯದು ಪೂರ್ತಿಯಾಗಿ ಅನ್ವಯವಾದದ್ದು 2013ರ ಜನವರಿ 19ರಿಂದ. ಅದಕ್ಕೂ ಮುಂಚೆ ಆ ದೇಶಗಳಲ್ಲಿ 110ಕ್ಕೂ ಹೆಚ್ಚು ಮಾದರಿಯ ಲೈಸೆನ್ಸುಗಳು ಚಲಾವಣೆಯಲ್ಲಿದ್ದವು, ಅವುಗಳಲ್ಲಿ ಉಳಿದಿರುವ ಹಳೆಯ ಕಾಗದದ ಮಡಿಕೆಗಳನ್ನು ಬದಲಿಸಲು 2033ರವರೆಗೆ ಗಡುವಿದೆ.

ಕಾರ್ಡು ಒಂದೇ ಆಕಾರಕ್ಕೆ ಬಂದದ್ದಕ್ಕಿಂತ ಅದರ ಹಿಂದಿನ ಕಟ್ಟುಪಾಡುಗಳು ಮುಖ್ಯವೆಂದು ನನಗೆ ತೋರುತ್ತದೆ. ಲೈಸೆನ್ಸ್ ಕೊಡುವ ಅಧಿಕಾರವಿರುವುದು ಅರ್ಜಿದಾರ ವಾಸ್ತವವಾಗಿ ವಾಸವಾಗಿರುವ ದೇಶಕ್ಕೆ ಮಾತ್ರ. ವಾಸವೆಂದರೆ ವರ್ಷದಲ್ಲಿ ಕನಿಷ್ಠ 185 ದಿನ. ಈ ನಿಯಮಕ್ಕೆ ಕಾರಣವಿದೆ. ಕುಡಿದು ಓಡಿಸಿ ಜರ್ಮನಿಯಲ್ಲಿ ಲೈಸೆನ್ಸ್ ಕಳೆದುಕೊಂಡವರು ಅಲ್ಲಿಯ ಕಠಿಣ ಮರುಪರೀಕ್ಷೆಯನ್ನು ತಪ್ಪಿಸಿಕೊಂಡು, ಪಕ್ಕದ ಚೆಕ್ ದೇಶಕ್ಕೆ ಹೋಗಿ ಹೊಸ ಲೈಸೆನ್ಸ್ ಮಾಡಿಸಿಕೊಂಡು, ‘ಪರಸ್ಪರ ಮಾನ್ಯತೆ ಇದೆಯಲ್ಲ’ ಎಂದು ಮತ್ತೆ ಜರ್ಮನಿಯ ರಸ್ತೆಗೆ ಇಳಿಯುತ್ತಿದ್ದರು, ಆ ಜಗಳಗಳು ಯುರೋಪಿನ ನ್ಯಾಯಾಲಯದವರೆಗೂ ಹೋದವು. ಆ ಬಳಿಕ ಮೂರನೆಯ ನಿರ್ದೇಶನವು, ಒಂದು ದೇಶ ನಿರ್ಬಂಧಿಸಿದವನಿಗೆ ಇನ್ನೊಂದು ದೇಶ ಲೈಸೆನ್ಸ್ ಕೊಡಬಾರದೆಂದು ಬಿಗಿಗೊಳಿಸಿ, ದಾಖಲೆಗಳನ್ನು ಪರಸ್ಪರ ನೋಡುವ ಗಣಕ ಜಾಲವನ್ನೂ ಹಾಕಿತು. ಇಷ್ಟಾದರೂ ಹೊರಗಿನವರ ಮಟ್ಟಿಗೆ ಅಲ್ಲಿಯೂ ಬಾಗಿಲು ಅರ್ಧವೇ ತೆರೆದಿದೆ. ಭಾರತದಂಥ ಹೊರದೇಶದ ಲೈಸೆನ್ಸನ್ನು ಕೊಟ್ಟು ಒಂದು ಯುರೋಪಿಯನ್ ದೇಶದ ಕಾರ್ಡು ಪಡೆದವರ ಕಾರ್ಡಿನಲ್ಲಿ 70 ಎಂಬ ಸಂಕೇತ ಬೀಳುತ್ತದೆ. ಅವರು ಇನ್ನೊಂದು ಯುರೋಪಿಯನ್ ದೇಶಕ್ಕೆ ವಾಸ ಬದಲಿಸಿದರೆ ಆ ದೇಶ ಅದನ್ನು ಮಾನ್ಯ ಮಾಡಲೇಬೇಕೆಂಬ ಕಟ್ಟು ಇಲ್ಲ.

ಇನ್ನು ಆ ದಂಪತಿಯ ಪ್ರಶ್ನೆಗೆ ಬರೋಣ. ಯುರೋಪಿನ ಆ ವ್ಯವಸ್ಥೆಯಲ್ಲಿ ಭಾರತ ಇಲ್ಲ, ಆದ್ದರಿಂದ 27 ದೇಶಗಳ ಮಾತು ಇಲ್ಲಿ ಬರುವುದಿಲ್ಲ. ಭಾರತ ಸೇರಿರುವುದು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ. ಅದರಡಿ ಪ್ರವಾಸಿಯು ತನ್ನ ದೇಶದ ಲೈಸೆನ್ಸಿನ ಜೊತೆಗೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು, ಎಂದರೆ ಎಲ್ಲರೂ ಐಡಿಪಿ ಎನ್ನುವ ಬೂದುಬಣ್ಣದ ರಟ್ಟಿನ ಪುಸ್ತಿಕೆಯನ್ನು ತಂದರೆ ಇಲ್ಲಿ ಮತ್ತೆ ಪರೀಕ್ಷೆಯಿಲ್ಲದೆ ಓಡಿಸಬಹುದು. ಪುಸ್ತಿಕೆ ಬೇರೆಯೇ ಒಂದು ಲೈಸೆನ್ಸ್ ಅಲ್ಲ; ಅದು ಮೂಲ ಲೈಸೆನ್ಸಿನ ಅಧಿಕೃತ ಅನುವಾದವಿದ್ದಂತೆ, ಮೂಲ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಯುರೋಪಿನ ಕೆಲವು ಪುಸ್ತಿಕೆಗಳು 1968ರ ವಿಯೆನ್ನಾ ಒಪ್ಪಂದದ ನಮೂನೆಯಲ್ಲಿದ್ದು ಮೂರು ವರ್ಷದ ಅವಧಿ ತೋರಿಸಬಹುದು. 1949ರ ನಮೂನೆಯದರ ಅವಧಿ ಒಂದೇ ವರ್ಷ. ಯಾವ ಒಪ್ಪಂದದ್ದೆಂದು ಹೊದಿಕೆಯ ಮೇಲೆಯೇ ಅಚ್ಚಾಗಿರುತ್ತದೆ, 1949ರದ್ದನ್ನೇ ಕೇಳುವುದು ನಿಮಗೆ ಕ್ಷೇಮ. ಅಂತರ್ಜಾಲದಲ್ಲಿ ಹಣ ಕೊಟ್ಟು ತರಿಸಿದ, ಹತ್ತು ಇಪ್ಪತ್ತು ವರ್ಷದ ಅವಧಿಯಿರುವ ಹೊಳೆಯುವ ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಕಾರ್ಡುಗಳನ್ನು ಯಾರಾದರೂ ತೋರಿಸಿದರೆ ನಗುತ್ತಲೇ ಹಿಂದಿರುಗಿಸಿ. ಅವುಗಳಿಗೆ ಯಾವ ಕಾನೂನಿನ ಬೆಂಬಲವೂ ಇಲ್ಲ.

ಬಾಡಿಗೆಯವರು ಮೋಸಹೋಗುವುದು ಪುಸ್ತಿಕೆ ಇದೆಯೋ ಇಲ್ಲವೋ ಎಂಬಲ್ಲಿ ಅಲ್ಲ, ಅದರೊಳಗಿನ ಒಂದು ಪುಟದಲ್ಲಿ. ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ನನ್ನ ಮೇಜಿಗೆ ಬಂದ ಪುಸ್ತಿಕೆ ಅಸಲಿಯಾಗಿತ್ತು, ಅವಧಿಯಿತ್ತು, ಭಾವಚಿತ್ರವಿತ್ತು. ಕೊನೆಯ ಪುಟದಲ್ಲಿ ಎ, ಬಿ, ಸಿ, ಡಿ, ಇ ಎಂದು ಐದು ಸಾಲುಗಳಿದ್ದು, ಬಿ ಎದುರು ಮಾತ್ರ ಮುದ್ರೆ ಒತ್ತಲಾಗಿತ್ತು. ಎ ಎದುರಿನ ಜಾಗ ಖಾಲಿ. ಎ ಎಂದರೆ ಮೋಟಾರು ಸೈಕಲ್, ಬಿ ಎಂದರೆ ಕಾರು. ಗಾಡಿಯ ಮಾಲೀಕರು ಪುಸ್ತಿಕೆಯ ಮೊದಲ ಪುಟದ ಫೋಟೊ ತೆಗೆದಿಟ್ಟುಕೊಂಡಿದ್ದರು, ಕೊನೆಯ ಪುಟವನ್ನು ತಿರುವಿರಲಿಲ್ಲ. ಕಾರಿನ ಲೈಸೆನ್ಸ್ ಇದ್ದವನಿಗೆ ಗೇರಿಲ್ಲದ ಸ್ಕೂಟರ್ ಯಾವ ಮಹಾ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಫ್ರಾನ್ಸಿನವರಿಗೆ ಈ ಗೊಂದಲ ಇನ್ನೂ ಸಹಜ: ಅಲ್ಲಿ ಎರಡು ವರ್ಷದಿಂದ ಕಾರಿನ ಲೈಸೆನ್ಸ್ ಇದ್ದವರು ಏಳು ಗಂಟೆಯ ತರಬೇತಿ ಪಡೆದು 125 ಸಿಸಿವರೆಗಿನ ದ್ವಿಚಕ್ರ ಓಡಿಸಬಹುದು. ಆದರೆ ಆ ಸವಲತ್ತು ಫ್ರಾನ್ಸಿನ ನೆಲಕ್ಕೆ ಸೀಮಿತ. ಪಕ್ಕದ ಜರ್ಮನಿಯಲ್ಲೇ ಅದು ನಡೆಯುವುದಿಲ್ಲವೆಂದ ಮೇಲೆ ಸಾಣಾಪುರದ ಕೆರೆ ಏರಿಯ ಮೇಲೆ ನಡೆಯುವ ಮಾತೆಲ್ಲಿ? ನೀವು ಕೊಡುವ 110 ಸಿಸಿ ಸ್ಕೂಟರಿಗೆ ಅವರ ಕಾರ್ಡಿನಲ್ಲಿ ಎ1 ಅಥವಾ ಅದಕ್ಕೆ ಮೇಲಿನ ವರ್ಗ ಇರಬೇಕು. ಎಎಂ ಎಂಬುದಿದ್ದರೆ ಅದು ಗಂಟೆಗೆ 45 ಕಿಲೋಮೀಟರ್ ಮೀರದ ಸಣ್ಣ ಮೊಪೆಡ್‌ಗೆ ಮಾತ್ರ.

ಇದು ಪ್ರವಾಸಿಯ ತಲೆನೋವು, ನನಗೇನು ಎಂದುಕೊಳ್ಳಬೇಡಿ. ಲೈಸೆನ್ಸ್ ಇಲ್ಲದವನ ಕೈಗೆ ವಾಹನ ಕೊಡಬಾರದೆಂದು ಕಾಯ್ದೆಯ 5ನೇ ಕಲಮು ಮಾಲೀಕನಿಗೇ ಹೇಳುತ್ತದೆ, 180ನೇ ಕಲಮು ಅದಕ್ಕೆ ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ದಂಡವಾದರೂ ಕಟ್ಟಿ ಮರೆಯಬಹುದು. ದೊಡ್ಡ ಪೆಟ್ಟು ವಿಮೆಯದು. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ದಾರಿಯಂತೆ, ಚಾಲಕನಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲವೆಂಬುದಷ್ಟೇ ವಿಮಾ ಕಂಪನಿಗೆ ಸಾಲದು, ಮಾಲೀಕ ಎಚ್ಚರ ವಹಿಸಲಿಲ್ಲವೆಂಬುದನ್ನೂ ಅದು ತೋರಿಸಬೇಕು. ತೋರಿಸಿದರೆ, ಗಾಯಗೊಂಡ ದಾರಿಹೋಕನಿಗೆ ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಾಧಿಕರಣ ಆದೇಶಿಸಬಹುದು. ಭತ್ತದ ಗದ್ದೆಯಿಂದ ಮನೆಗೆ ನಡೆದು ಬರುತ್ತಿದ್ದವರಿಗೆ ತಗುಲಿದ ಸ್ಕೂಟರಿನ ಲೆಕ್ಕ ಕೊನೆಗೆ ನಿಮ್ಮ ಗದ್ದೆಯ ಮೇಲೆ ಬರುವುದು ಹೀಗೆ. ನೀವು ಪರಿಶೀಲಿಸಿದ್ದೀರಿ ಎಂಬುದಕ್ಕೆ ಸಾಕ್ಷಿ ಬೇಕು; ವರ್ಗಗಳ ಪುಟದ ಫೋಟೊ, ಮೂಲ ಕಾರ್ಡಿನ ಎರಡೂ ಬದಿಯ ಫೋಟೊ, ಬಾಡಿಗೆ ಪುಸ್ತಕದಲ್ಲಿ ಅವರ ಸಹಿ ಇರಲಿ.

ನೇಪಾಳದ ಯುವಕನ ವಿಚಾರ ಸ್ವಲ್ಪ ವಿಚಿತ್ರವಾದದ್ದು. 1950ರ ಭಾರತ–ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದದಿಂದಾಗಿ ಆತ ವೀಸಾ ಇಲ್ಲದೆ ಇಲ್ಲಿ ವಾಸಿಸಬಹುದು, ದುಡಿಯಬಹುದು. ಇಷ್ಟು ಹತ್ತಿರದ ನಂಟಿದ್ದ ಮೇಲೆ ಲೈಸೆನ್ಸೂ ತಾನಾಗಿ ನಡೆಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಆ ಒಪ್ಪಂದ ಲೈಸೆನ್ಸಿನ ಮಾತನ್ನೇ ಎತ್ತುವುದಿಲ್ಲ. ಅಲ್ಲದೆ ಆತ ಇಲ್ಲಿ ನೆಲೆಸಿರುವುದರಿಂದಲೇ ಪ್ರವಾಸಿಗೆ ಸಿಗುವ ರಿಯಾಯಿತಿ ಆತನಿಗೆ ಹೊಂದುವುದಿಲ್ಲ. ಪರಸ್ಪರ ಮಾನ್ಯತೆಯ ಒಪ್ಪಂದಗಳೆಲ್ಲ ಬಂದು ಹೋಗುವವನಿಗಾಗಿ ಮಾಡಿದವು, ಬೇರು ಬಿಟ್ಟವನು ಆ ನೆಲದ ಲೈಸೆನ್ಸನ್ನೇ ಪಡೆಯಬೇಕು.

ಹಾಗೆಂದು ಆತನನ್ನು ಬರಿಗೈಯಲ್ಲಿ ಕಳಿಸಬೇಕಿಲ್ಲ. ನಮ್ಮ ಕಾಯ್ದೆಯ 9ನೇ ಕಲಮಿನ 3ನೇ ಉಪಕಲಮಿನಲ್ಲಿ ಹೆಚ್ಚು ಜನ ಗಮನಿಸದ ಒಂದು ಅವಕಾಶವಿದೆ. ಭಾರತದ ಹೊರಗಿನ ಯಾವುದೇ ದೇಶದ ಸಕ್ಷಮ ಪ್ರಾಧಿಕಾರ ಕೊಟ್ಟ, ಅದೇ ವರ್ಗದ ವಾಹನದ ಲೈಸೆನ್ಸ್ ಇರುವವರಿಗೆ, ವೈದ್ಯಕೀಯ ಅರ್ಹತೆಯ ಷರತ್ತಿಗೆ ಒಳಪಟ್ಟು, ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಯಾರೊಡನೆಯೂ ಒಪ್ಪಂದ ಮಾಡಿಕೊಳ್ಳದೆ ನಾವೇ ಏಕಪಕ್ಷೀಯವಾಗಿ ತೆರೆದಿಟ್ಟ ಬಾಗಿಲಿದು. ಆತ ವಯಸ್ಸು ಮತ್ತು ಇಲ್ಲಿಯ ವಿಳಾಸದ ದಾಖಲೆ ಕೂಡಿಸಿಕೊಂಡು ಕೊಪ್ಪಳದ ಸಾರಿಗೆ ಕಚೇರಿಯಲ್ಲಿ ಅರ್ಜಿ ಹಾಕಲಿ. ನೇಪಾಳದ ಕಾರ್ಡಿನಲ್ಲಿ ಕೆ ಎಂದಿದ್ದರೆ ಅದು ಸ್ಕೂಟರಿನದು, ಎ ಎಂದಿದ್ದರೆ ಮೋಟಾರು ಸೈಕಲಿನದು. ‘ಅದೇ ವರ್ಗ’ ಎಂಬ ಷರತ್ತಿರುವುದರಿಂದ ಇದನ್ನು ಮೊದಲೇ ನೋಡಿಕೊಳ್ಳಬೇಕು. ಇಲ್ಲಿಯ ಲೈಸೆನ್ಸ್ ಕೈಗೆ ಬಂದ ಮೇಲೆ ತಿಂಗಳ ಲೆಕ್ಕದಲ್ಲಿ ಗಾಡಿ ಕೊಡಿ, ಅಲ್ಲಿಯವರೆಗೆ ಬೇಡ.

ನೆರೆಹೊರೆಗೊಂದು ಸಮಾನ ವ್ಯವಸ್ಥೆ ಮಾಡಲು ಪ್ರಯತ್ನವೇ ಆಗಿಲ್ಲವೆಂದಲ್ಲ. 2014ರ ನವೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ನಡೆದ ಸಾರ್ಕ್ ಶೃಂಗಸಭೆಯಲ್ಲಿ ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಬೀಳಬೇಕಿತ್ತು, ಪಾಕಿಸ್ತಾನ ಒಪ್ಪದ ಕಾರಣ ಬೀಳಲಿಲ್ಲ. ಮುಂದಿನ ವರ್ಷ, 2015ರ ಜೂನ್ 15ರಂದು, ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ನಾಲ್ಕೇ ದೇಶಗಳು ಥಿಂಫುವಿನಲ್ಲಿ ಬೇರೆ ಒಪ್ಪಂದಕ್ಕೆ ಸಹಿ ಮಾಡಿದವು. ಆದರೆ ಹೊರಗಿನ ವಾಹನಗಳ ದಟ್ಟಣೆ, ಪರಿಸರದ ಮೇಲಿನ ಹೊರೆ ಮುಂತಾದ ಅಳುಕಿನಿಂದ ಭೂತಾನಿನ ಸಂಸತ್ತಿನ ಮೇಲ್ಮನೆ ಅದನ್ನು ಅನುಮೋದಿಸಲಿಲ್ಲ. ಉಳಿದ ಮೂವರು ಮುಂದುವರಿಯಲಿ ಎಂದು ಭೂತಾನ್ 2017ರಲ್ಲಿ ಹೇಳಿತು. ಆ ಒಪ್ಪಂದದ ತಿರುಳೂ ಸರಕು ಮತ್ತು ಪ್ರಯಾಣಿಕ ವಾಹನಗಳ ಪರ್ಮಿಟ್ಟೇ ಹೊರತು ಸಮಾನ ಲೈಸೆನ್ಸ್ ಅಲ್ಲ. ಹೋಲಿಕೆಗೆ, ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳು 1985ರಲ್ಲಿಯೇ ಪರಸ್ಪರರ ದೇಶೀಯ ಲೈಸೆನ್ಸುಗಳನ್ನು ಪ್ರವಾಸಿಗಳ ಮಟ್ಟಿಗೆ ಒಪ್ಪಿಕೊಂಡಿವೆ. ಶ್ರೀಲಂಕಾದಲ್ಲಿ ನಮ್ಮ ಲೈಸೆನ್ಸ್ ಮಾತ್ರ ಸಾಲದು, ಅಲ್ಲಿಯ ಮಾನ್ಯತೆಯ ಕಾಗದ ಬೇಕು. ನಮ್ಮ ಕಡೆಯ ಹುಡುಗರು ದುಡಿಯಲು ಹೋಗುವ ದುಬೈಯಲ್ಲಂತೂ ಭಾರತೀಯ ಲೈಸೆನ್ಸ್ ಇದ್ದವರೂ ವಾಸಿಗಳಾದ ಮೇಲೆ ಪರೀಕ್ಷೆ ಬರೆಯಲೇಬೇಕು.

ಈಗ ನಿಮ್ಮ ನವೆಂಬರ್ ಪ್ರಯಾಣ. ನೇಪಾಳದಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ, ಮತ್ತು ಭಾರತೀಯ ಪ್ರವಾಸಿಯ ಅವಧಿಯಿರುವ ಲೈಸೆನ್ಸನ್ನು ಅಲ್ಲಿ ಒಪ್ಪುವುದು ಬಹುಕಾಲದ ರೂಢಿ. ಮೂಲ ಕಾರ್ಡನ್ನೇ ಒಯ್ಯಿರಿ. ಡಿಜಿಲಾಕರಿನ ಪ್ರತಿಯನ್ನು ನಮ್ಮ ಪೊಲೀಸರು ಒಪ್ಪಬೇಕೆಂಬ ನಿಯಮ ಸುನೌಲಿಯ ಗಡಿಗೆ ಮುಗಿಯುತ್ತದೆ. ಲೈಸೆನ್ಸ್ ಪ್ರಯಾಣದ ಗುರುತಿನ ದಾಖಲೆಯಲ್ಲವಾದ್ದರಿಂದ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಬೇರೆಯಾಗಿ ಬೇಕು, ನಿಮ್ಮ ವಯಸ್ಸಿನವರಿಗೆ ಆಧಾರ್ ಒಂದೇ ಸಾಲದು. ಗಡಿಯಲ್ಲಿ ಬೈಕಿಗೆ ‘ಭನ್ಸಾರ್’ ಎಂಬ ಸುಂಕದ ಕಾಗದವನ್ನು ದಿನಗಳ ಲೆಕ್ಕದಲ್ಲಿ ಮಾಡಿಸಬೇಕು. ಮುಕ್ತಿನಾಥದ ದಾರಿಯಲ್ಲಿ ಮಳೆಗೋ ಮಣ್ಣು ಕುಸಿತಕ್ಕೋ ಸಿಕ್ಕಿ ಅವಧಿ ಮೀರಿದರೆ ದಂಡ ಬೀಳುವುದರಿಂದ ಎರಡು ದಿನ ಹೆಚ್ಚಿಗೆಯೇ ಬರೆಸಿ.

ಯಾವ ಬೈಕಿನಲ್ಲಿ ಹೋಗುತ್ತೀರೆಂದು ನೀವು ಬರೆದಿಲ್ಲ. ಬಾಡಿಗೆಯ ಕಪ್ಪು ಫಲಕದ, ಹಳದಿ ಅಕ್ಷರದ ಗಾಡಿಯನ್ನು ಒಯ್ಯಬೇಡಿ. ಕಾನೂನಿನ ಕಣ್ಣಿಗೆ ಅದು ವಾಣಿಜ್ಯ ವಾಹನ, ಅದಕ್ಕೆ ಬೇರೆಯೇ ಪರ್ಮಿಟ್ಟಿನ ಪ್ರಶ್ನೆ ಏಳುತ್ತದೆ. ನಿಮ್ಮದೇ ಹೆಸರಿನ ಆರ್‌ಸಿ ಇರುವ ಬಿಳಿ ಫಲಕದ ಬೈಕು ಒಳ್ಳೆಯದು, ಗೆಳೆಯರದ್ದಾದರೆ ಅವರ ಒಪ್ಪಿಗೆ ಪತ್ರ ಇರಲಿ. ಸಾಮಾನಿಗೆಂದು ಗೆಳೆಯರು ಹಳದಿ ಫಲಕದ ಸಣ್ಣ ಗೂಡ್ಸ್ ಗಾಡಿಯನ್ನೂ ಹೊರಡಿಸುವ ಯೋಚನೆಯಲ್ಲಿದ್ದರೆ ಬಿಡಿಸಿ. ಲಘು ವಾಹನದ ಲೈಸೆನ್ಸಿನಲ್ಲಿಯೇ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದ್ದು ನಿಜ, ಆದರೆ ಅದು ನಮ್ಮ ಕಾಯ್ದೆಯ ವ್ಯಾಖ್ಯಾನ. ನೇಪಾಳದ ಬುಟವಲಿನ ಟ್ರಾಫಿಕ್ ಪೊಲೀಸ್ ಕಾರ್ಡಿನ ಮೇಲೆ ಅಚ್ಚಾದ ವರ್ಗವನ್ನಷ್ಟೇ ನೋಡುತ್ತಾನೆ.

ವಿಮೆಯನ್ನು ಹೊರಡುವ ಮುಂಚೆಯೇ ಸರಿಮಾಡಿಕೊಳ್ಳಿ. ನಮ್ಮ ಮೋಟಾರು ವಿಮೆಯ ವ್ಯಾಪ್ತಿ ಸಾಮಾನ್ಯವಾಗಿ ಭಾರತದೊಳಗೆ ಮಾತ್ರ. ಹೆಚ್ಚುವರಿ ಕಂತು ಕಟ್ಟಿದರೆ ಅದನ್ನು ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಗಳಿಗೆ ವಿಸ್ತರಿಸಿಕೊಡುವ ‘ಭೌಗೋಳಿಕ ವ್ಯಾಪ್ತಿ ವಿಸ್ತರಣೆ’ ಎಂಬ ಷರಾ ಇದೆ, ಪಾಲಿಸಿಯಲ್ಲಿ ಅದು ಐಎಂಟಿ 1 ಎಂಬ ಸಂಖ್ಯೆಯಲ್ಲಿ ಬರುತ್ತದೆ. ಏಜೆಂಟ್ ಫೋನಿನಲ್ಲಿ ‘ಆಗ್ತದ ಬಿಡ್ರಿ’ ಎಂದರೆ ಸುಮ್ಮನಾಗದೆ, ನೇಪಾಳದ ಹೆಸರು ಬರೆದ ಕಾಗದವನ್ನು ಕೈಗೆ ಪಡೆಯಿರಿ.

ಐಡಿಪಿ ಬೇಕೇ ಎಂದರೆ, ನೇಪಾಳದ ಮಟ್ಟಿಗೆ ರೂಢಿಯಲ್ಲಿ ಅದಿಲ್ಲದೆಯೂ ನಡೆಯುತ್ತಿದೆ. ಆದರೂ ಅಪಘಾತವೊಂದು ಆಗಿ ಠಾಣೆಯಲ್ಲಿ ಕೂರುವ ಹೊತ್ತಿಗೆ ಆ ಪುಸ್ತಿಕೆ ನೆರವಾದೀತು. ನಮೂನೆ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಪಾಸ್‌ಪೋರ್ಟ್ ಇಲ್ಲದವರಿಗೆ ಸಿಗುವುದಿಲ್ಲ. ಅದಕ್ಕಿಂತ ಮೊದಲು ನಿಮ್ಮ ಲೈಸೆನ್ಸಿನ ಕೊನೆಯ ದಿನಾಂಕ ನೋಡಿ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಲು ಈಗ ಅವಕಾಶವಿದೆ, ಆದರೆ ಹೊಸ ಸ್ಮಾರ್ಟ್ ಕಾರ್ಡು ಅಂಚೆಯಲ್ಲಿ ಮನೆ ಸೇರುವಷ್ಟರಲ್ಲಿ ದೀಪಾವಳಿ ಬಂದುಬಿಡಬಹುದು. ಆದ್ದರಿಂದ ಅರ್ಜಿಯನ್ನು ಆಗಸ್ಟಿನಲ್ಲಿಯೇ ಹಾಕಿಬಿಡಿ.